ಬಾವುಟದೊಳಗೊಂದು ಬಾವುಟ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿರುವ ಮಿಲ್ವಾಕಿ ನಗರಕ್ಕೆ ತನ್ನದೇ ಒಂದು ಬಾವುಟವಿದೆ. ನೀಲಿ ಬಟ್ಟೆ. ನಟ್ಟನಡುವೆ ದೊಡ್ಡದೊಂದು ಗೇರ್ ಚಕ್ರ, ಊರಿನಲ್ಲಿ ಕಾರ್ಖಾನೆಗಳಿವೆ ಎಂದು ಕಂಡವರಿಗೆ ಗೊತ್ತಾಗಲಿ ಅಂತ. ಅಷ್ಟಕ್ಕೂ ಗೊತ್ತಾಗದಿದ್ದರೆ ಎಂಬ ಭಯಕ್ಕೆ ಚಕ್ರದೊಳಗೆ ಒಂದು ಕಾರ್ಖಾನೆಯೂ ಇದೆ. ಜೊತೆಗೆ ನಗರಸಭೆಯ ಕಟ್ಟಡ, ಚರ್ಚು, ಮನೆಗಳು, ಬೇಸ್‌ಬಾಲ್ ಕ್ರೀಡಾಂಗಣ ಮತ್ತು ಮೂಲನಿವಾಸಿಯೊಬ್ಬನ ತಲೆ. ಎಡಕ್ಕೆ ಉದ್ದನೆಯ ಬಾರ್ಲಿ ತೆನೆ. ಊರು ಬಿಯರಿಗೆ ಹೆಸರುವಾಸಿ, ಅದನ್ನು ಬಿಟ್ಟರೆ ಪಾಪ ಬರುತ್ತದೆ. ಕೆಳಗೆ ಊರಿನ ಹೆಸರು, ಹುಟ್ಟಿದ ಇಸವಿ 1846. ಇಷ್ಟೆಲ್ಲ ತುರುಕಿದ ಮೇಲೂ ಎಲ್ಲೋ ಒಂದು ಗೇಣು ಜಾಗ ಉಳಿದಿತ್ತೆಂದು ಕಾಣುತ್ತದೆ. ಅಲ್ಲಿ ಇನ್ನೊಂದು ಬಾವುಟ. ಹೌದು, ಬಾವುಟದ ಮೇಲೆ ಬಾವುಟ. ಅಮೆರಿಕದ ಅಂತರ್ಯುದ್ಧದ ಕಾಲದ ನೆನಪಿಗಂತೆ.

ಇದು 1954ರ ಸೃಷ್ಟಿ. ಅದಕ್ಕೂ ಮೊದಲು ಸ್ಪರ್ಧೆ ನಡೆದಿತ್ತು. ಬಂದ ಚಿತ್ರಗಳಲ್ಲಿ ಯಾವುದನ್ನು ಆರಿಸಿದರೂ ಉಳಿದವರಿಗೆ ಬೇಸರ. ಕೊನೆಗೆ ಫ್ರೆಡ್ ಸ್ಟೆಫಾನ್ ಎಂಬ ನಗರಸಭಾ ಸದಸ್ಯರು ಇದರಿಂದೊಂದು ಅದರಿಂದೊಂದು ಎತ್ತಿಕೊಂಡು ಎಲ್ಲರಿಗೂ ನ್ಯಾಯ ಒದಗಿಸಿದರು. ಯಾರ ಮನಸ್ಸೂ ನೋಯಲಿಲ್ಲ. ನೋಡುವವರ ಕಣ್ಣು ನೋಯುತ್ತದೆಂದು ಯಾರೂ ಮುಂದಾಲೋಚನೆ ಮಾಡಲಿಲ್ಲ, ಅಷ್ಟೆ. ಜನಾಭಿಪ್ರಾಯವನ್ನು ಸೋಸದೆ ಬಟ್ಟೆಗೆ ಸುರಿದರೆ ಹೇಗೆ ಕಾಣುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಇದಕ್ಕಿಂತ ಪ್ರಾಮಾಣಿಕ ದಾಖಲೆ ಇರಲಾರದು.

ತಮಾಷೆ ಇರುವುದು ಮುಂದೆ. ಆ ಕ್ರೀಡಾಂಗಣವಿತ್ತಲ್ಲ, ಅದಕ್ಕೆ ಕಳೆ ತಂದಿದ್ದ ತಂಡ 1965ರ ಪಂದ್ಯಾವಳಿ ಮುಗಿಸಿ ಅಟ್ಲಾಂಟಾಕ್ಕೆ ಗುಳೆ ಹೊರಟಿತು. ಕ್ರೀಡಾಂಗಣವನ್ನೇ 2001ರಲ್ಲಿ ನೆಲಸಮ ಮಾಡಿದರು. ಬಾವುಟದಲ್ಲಿ ಮಾತ್ರ ಅದು ಗಟ್ಟಿಮುಟ್ಟಾಗಿ ನಿಂತಿದೆ. ನೆಲದ ಮೇಲೆ ಇಲ್ಲದ, ದಾಖಲೆಯಲ್ಲಿ ಮಾತ್ರ ಇರುವ ಕಟ್ಟಡ ಎಂದರೆ ನಮಗೆ ಹೊಸದೇನಲ್ಲ. ಆದರೆ ಅದನ್ನು ಕಂಬಕ್ಕೇರಿಸಿ ಹಾರಿಸುವ ಧೈರ್ಯ ನಮ್ಮ ಗುತ್ತಿಗೆದಾರರಿಗೂ ಇನ್ನೂ ಬಂದಿಲ್ಲ.

ಅಮೆರಿಕದಲ್ಲಿ ಬಾವುಟಗಳನ್ನೇ ಅಧ್ಯಯನ ಮಾಡುವ ಒಂದು ಸಂಘವಿದೆ. ಅದು 2004ರಲ್ಲಿ 150 ನಗರಗಳ ಬಾವುಟಗಳಿಗೆ ಅಂಕ ಹಾಕಿಸಿತು. ವಾಷಿಂಗ್ಟನ್ ಡಿ.ಸಿ. ಮೊದಲು, ಶಿಕಾಗೋ ಎರಡನೆಯದು. ಮಿಲ್ವಾಕಿ ಕೊನೆಯಿಂದ ನಾಲ್ಕನೆಯದು. ಇಷ್ಟು ಶ್ರಮಪಟ್ಟೂ ಕಟ್ಟಕಡೆಯ ಸ್ಥಾನ ಸಿಗಲಿಲ್ಲವೆಂಬ ವ್ಯಥೆ ಆ ಊರಿಗಿರಬೇಕು. ಆ ಸ್ಥಾನ ಐಡಾಹೊ ರಾಜ್ಯದ ಪೊಕಟೆಲ್ಲೊ ಎಂಬ ಪುಟ್ಟ ಪಟ್ಟಣದ ಪಾಲಾಯಿತು. ಬಿಳಿ ಬಟ್ಟೆಯ ಮೇಲೆ ‘ಪೊಕಟೆಲ್ಲೊದವರೆಂಬ ಹೆಮ್ಮೆ ನಮಗೆ’ ಎಂಬರ್ಥದ ಘೋಷಣೆಯನ್ನು ಓರೆಯಾಗಿ ಬರೆದು, ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಕೃತಿಸ್ವಾಮ್ಯದ ಸೂಚನೆಯನ್ನೂ ಅಚ್ಚು ಹಾಕಿದ್ದರು. ಕದ್ದೀರಿ ಜೋಕೆ ಎಂದು! ಅದನ್ನು ಕದಿಯಲು ಯಾರಾದರೂ ಬಂದಿದ್ದರೆ ಊರಿನವರು ಹಾರ ಹಾಕಿ, ಬಸ್ ಚಾರ್ಜು ಕೊಟ್ಟು ಕಳಿಸುತ್ತಿದ್ದರೇನೋ.

2015ರಲ್ಲಿ ರೋಮನ್ ಮಾರ್ಸ್ ಎಂಬ ರೇಡಿಯೊ ನಿರೂಪಕರು ಒಂದು ಭಾಷಣದಲ್ಲಿ ಈ ಎರಡೂ ಬಾವುಟಗಳನ್ನು ಲೋಕದೆದುರು ಹರಾಜಿಗಿಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು. ಮರ್ಯಾದೆ ಹೋದಮೇಲೆ ಎಚ್ಚರವಾಗುವುದು ಎಲ್ಲ ಊರುಗಳ ಗುಣ. ಪೊಕಟೆಲ್ಲೊ 2017ರಲ್ಲಿ ಹಳೆಯದನ್ನು ಮಡಚಿಟ್ಟು, ಬೆಟ್ಟದ ಶಿಖರಗಳಿರುವ ಹೊಸ ಬಾವುಟವನ್ನು ಒಪ್ಪಿಕೊಂಡಿತು. ಚಿಕ್ಕ ಊರು, ಬೇಗ ನಾಚಿತು.

ಮಿಲ್ವಾಕಿ ದೊಡ್ಡ ಊರು. ದೊಡ್ಡ ಊರುಗಳಿಗೆ ಅಷ್ಟು ಬೇಗ ನಾಚಿಕೆಯಾಗುವುದಿಲ್ಲ, ಮೊದಲು ಚರ್ಚೆಯಾಗುತ್ತದೆ. ಉತ್ಸಾಹಿಗಳು ಸೇರಿ ಸ್ಪರ್ಧೆ ಏರ್ಪಡಿಸಿದರು. ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು. ಐದನ್ನು ಆರಿಸಿ, ಜನರಿಂದ ಅಂಕ ಹಾಕಿಸಿ, 2016ರ ಜೂನ್ 14ರಂದು ಗೆದ್ದದ್ದನ್ನು ಪ್ರಕಟಿಸಿದರು. ಮಿಷಿಗನ್ ಸರೋವರದ ಮೇಲೆ ಹುಟ್ಟುತ್ತಿರುವ ಬಿಳಿ ಸೂರ್ಯ, ಬಂಗಾರದ ಬಣ್ಣದ ಆಕಾಶ, ನೀರಿನಲ್ಲಿ ಪಟ್ಟಿಪಟ್ಟಿಯಾಗಿ ಪ್ರತಿಬಿಂಬ. ಆ ಪಟ್ಟಿಗಳು ಊರಿನ ಮೂರು ನದಿಗಳಿಗೂ ಆಯಿತು, ಊರು ಕಟ್ಟಿದ ಮೂರು ವಸತಿಗಳಿಗೂ ಆಯಿತು. ಅಂದಹಾಗೆ ಆ ವಸತಿಗಳವರು ನದಿಗೆ ಸೇತುವೆ ಯಾರ ಖರ್ಚಿನಲ್ಲಿ, ಎಲ್ಲಿ ಎಂಬ ಜಗಳದಲ್ಲಿ 1845ರಲ್ಲಿ ಒಬ್ಬರ ಸೇತುವೆಯನ್ನು ಇನ್ನೊಬ್ಬರು ಮುರಿದುಹಾಕಿದ್ದರು. ಎರಡು ದಡದ ಬೀದಿಗಳು ಒಂದಕ್ಕೊಂದು ನೇರವಾಗದ ಕಾರಣ ಮಿಲ್ವಾಕಿಯ ಹಲವು ಸೇತುವೆಗಳು ಇಂದಿಗೂ ಓರೆಯಾಗಿವೆ. ಇಂಥ ವಂಶದವರನ್ನು ಒಂದು ಬಟ್ಟೆಯ ಮೇಲೆ ಒಪ್ಪಿಸುತ್ತೇವೆಂದು ಹೊರಟವರ ಧೈರ್ಯ ಮೆಚ್ಚಬೇಕು.

ಬಾವುಟ ಬದಲಾಗುತ್ತದೆ ಎಂಬ ಸುದ್ದಿ ಬಿದ್ದ ಮರುಕ್ಷಣ ಯಾವ ಊರಿನಲ್ಲಾದರೂ ಏಳುವ ದನಿಗಳು ಒಂದೇ. ಮೊದಲು ಬರುವವರು ಗುಂಡಿ ಪಕ್ಷದವರು. “ಬಾವುಟ ಆಮೇಲೆ, ಮೊದಲು ರಸ್ತೆ ಗುಂಡಿ ಮುಚ್ಚಿ.” ಈ ವಾದಕ್ಕೆ ಎದುರಾಡಲಾಗದು. ಬಾವುಟ ಬದಲಿಸುವುದನ್ನು ನಿಲ್ಲಿಸಿದ ಯಾವ ಊರಿನಲ್ಲೂ ಅದರಿಂದ ಒಂದು ಗುಂಡಿ ಮುಚ್ಚಿದ್ದಿಲ್ಲ ಎಂಬುದು ಬೇರೆ ಮಾತು. ಅವರ ಹಿಂದೆಯೇ ಪತ್ತೇದಾರರು. ಯಾವ ಚಿತ್ರ ತೋರಿಸಿದರೂ ಅದು ಅವರಿಗೆ ವಿಮಾನ ಕಂಪನಿಯದೋ ಟೂತ್‌ಪೇಸ್ಟಿನದೋ ಗುರುತಾಗಿ ಕಾಣುತ್ತದೆ. ಇನ್ನೂ ದಿಟ್ಟಿಸಿದರೆ ಪರದೇಶದ ಬಾವುಟವೇ ಕಾಣುತ್ತದೆ. ಮಿನೆಸೋಟ ರಾಜ್ಯ 2023ರಲ್ಲಿ ಹೊಸ ಬಾವುಟ ಆರಿಸಿದಾಗ ಕೆಲವರಿಗೆ ಅದರಲ್ಲಿ ಸೊಮಾಲಿಯಾ ಕಂಡಿತು. ನಕ್ಷತ್ರವೊಂದು, ನೀಲಿ ಒಂದಿಷ್ಟು, ಇನ್ನೇನು ಬೇಕು ಸಾಕ್ಷಿಗೆ?

ಇವರೆಲ್ಲರಿಗಿಂತ ನನಗೆ ಪ್ರಿಯರಾದವರು ಇನ್ನೊಬ್ಬರಿದ್ದಾರೆ. “ಇದೇನ್ರೀ ಇದು, ನಮ್ಮ ಮನೆ ಮಗೂನೂ ಬರೆಯುತ್ತೆ!” ಎನ್ನುವವರು. ಟೆಡ್ ಕೇ ಎಂಬ ಬಾವುಟ ಪಂಡಿತರು ಒಳ್ಳೆಯ ಬಾವುಟಕ್ಕೆ ಐದು ಸೂತ್ರ ಬರೆದಿದ್ದಾರೆ. ಸರಳವಾಗಿರಲಿ, ಅರ್ಥವಿರಲಿ, ಎರಡು ಮೂರು ಬಣ್ಣ ಸಾಕು, ಅಕ್ಷರ ಮೊಹರು ಬೇಡ, ಬೇರೆಯವರದರಂತೆ ಕಾಣದಿರಲಿ. ಇವುಗಳಲ್ಲಿ ಮೊದಲನೆಯದರ ವಿವರಣೆಯೇ ಮಗು ನೆನಪಿನಿಂದ ಬರೆಯುವಂತಿರಬೇಕು ಎಂಬುದು. ಅಂದರೆ ಬಾವುಟಕ್ಕೆ ಸಿಗಬಹುದಾದ ದೊಡ್ಡ ಪ್ರಶಸ್ತಿಯನ್ನು ಇವರು ಬೈಗುಳವೆಂದು ತಿಳಿದು ದಯಪಾಲಿಸುತ್ತಾರೆ. ಹಳೆಯ ಮಿಲ್ವಾಕಿ ಬಾವುಟವನ್ನು ಯಾವ ಮಗುವೂ ಬರೆಯಲಾರದು. ದೊಡ್ಡವರು ಬರೆಯಬೇಕಾದರೂ ಕನಿಷ್ಠ ಸಿವಿಲ್ ಡಿಪ್ಲೊಮಾ ಆಗಿರಬೇಕು.

ಕೊನೆಗೆ ಬರುವವರು ‘ನಮ್ಮನ್ನು ಕೇಳಲಿಲ್ಲ’ ಪಕ್ಷ. 2018ರಲ್ಲಿ ವಿಷಯ ಮಿಲ್ವಾಕಿ ನಗರಸಭೆಯ ಮುಂದೆ ಬಂದಾಗ ಗಟ್ಟಿಯಾಗಿ ಎದ್ದ ಆಕ್ಷೇಪ ಇದೇ. ಮತ ಹಾಕಿದವರು ಕೆಲವೇ ಸಾವಿರ ಮಂದಿ, ಊರಿನ ಎಲ್ಲ ಕೇರಿ, ಎಲ್ಲ ಸಮುದಾಯದವರ ದನಿ ಅದರಲ್ಲಿದೆಯೇ ಎಂದು ಕೇಳಿದರು. ಕಪ್ಪು ಜನರು ದೊಡ್ಡ ಸಂಖ್ಯೆಯಲ್ಲಿರುವ, ಕೇರಿಗಳು ಬಣ್ಣದ ಗೆರೆಯಲ್ಲೇ ಹಂಚಿಹೋಗಿರುವ ಊರಿನಲ್ಲಿ ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ಇಲ್ಲಿ ನಾನು ನಗಲಾರೆ. ಆದರೆ ಆ ಪ್ರಶ್ನೆಗೆ ಸಿಕ್ಕ ಉತ್ತರ ಮಾತ್ರ ನಮಗೆ ಚಿರಪರಿಚಿತ. ಇನ್ನಷ್ಟು ಪರಿಶೀಲನೆಯಾಗಲಿ, ಕಲಾ ಮಂಡಳಿ ನೋಡಲಿ. 1954ರಲ್ಲಿ ಆ ಗೇರ್ ಚಕ್ರಕ್ಕೆ ಎಷ್ಟು ಕೇರಿಗಳ ಒಪ್ಪಿಗೆ ಪಡೆದಿದ್ದರೆಂದು ಮಾತ್ರ ಯಾರೂ ಕಡತ ತೆಗೆಸಿದಂತಿಲ್ಲ. ಹಳೆಯದಕ್ಕೆ ಈ ಸೌಕರ್ಯ ಸದಾ ಇರುತ್ತದೆ. ಅದು ಪರೀಕ್ಷೆ ಬರೆಯಬೇಕಿಲ್ಲ. ಅತ್ತ ಹೊಸ ಬಾವುಟ ಅಧಿಕೃತ ಮೊಹರಿಗೆ ಕಾಯದೆ ಟೀ ಶರ್ಟು, ಟೋಪಿ, ಮನೆ ಜಗುಲಿಗಳ ಮೇಲೆ ಹತ್ತಿ ಕೂತಿತು. ನಗರಸಭೆಯ ಬಾವುಟ ನಗರಸಭೆಯಲ್ಲಿ, ಜನರ ಬಾವುಟ ಜನರಲ್ಲಿ.

ಹೀಗಿರುವಾಗ ಜನಾಭಿಪ್ರಾಯ ಸಂಗ್ರಹದಿಂದ ಬಾವುಟ ಬದಲಾಗುತ್ತದೆಂದು ನಂಬುವವರು ಇಲಿನಾಯ್‌ ರಾಜ್ಯವನ್ನು ನೋಡಬೇಕು. ಅದರ ಬಾವುಟವೆಂದರೆ ಬಿಳಿ ಬಟ್ಟೆಯ ಮೇಲೆ ಸರ್ಕಾರಿ ಮುದ್ರೆಯ ಹದ್ದು. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ನೌಕಾಪಡೆಯವನೊಬ್ಬ, ಊಟದ ಕೋಣೆಯಲ್ಲಿ ತೂಗುಹಾಕಿದ ತನ್ನ ರಾಜ್ಯದ ಬಾವುಟವನ್ನು ಯಾರೂ ಗುರುತಿಸುತ್ತಿಲ್ಲವೆಂದು ದೂರಿದ. ಸರ್ಕಾರ ಯೋಚಿಸಿ ಯೋಚಿಸಿ ಅದರ ಕೆಳಗೆ ‘ಇಲಿನಾಯ್’ ಎಂದು ಬರೆಸಿತು. ಸಮಸ್ಯೆ ಪರಿಹಾರ. 2025ರಲ್ಲಿ ಇದನ್ನು ಬದಲಿಸೋಣವೇ ಎಂದು ಜನರನ್ನು ಕೇಳಿದರು. ಸುಮಾರು 5,000 ಚಿತ್ರಗಳು ಬಂದಿದ್ದವು. ಆಯ್ದ ಹತ್ತರ ಜೊತೆಗೆ ಹಳೆಯವನ್ನೂ ಕಣಕ್ಕಿಳಿಸಿದರು. 3.8 ಲಕ್ಷಕ್ಕೂ ಹೆಚ್ಚು ಮತ. ಗೆದ್ದದ್ದು ಅದೇ ಹದ್ದು, ಶೇ. 43ರಷ್ಟು ಮತ ಪಡೆದು. ಅದು ಹೇಗಿದೆಯೆಂದು ಕೇಳಿದ್ದರೆ ಹಿಂದಿನ ವರ್ಷ ಹೇಳಲಾರದಿದ್ದವರು ಆ ವರ್ಷ ಅದಕ್ಕಾಗಿ ಎದೆ ಕೊಡಲು ಸಿದ್ಧರಾಗಿದ್ದರು.

ನ್ಯೂಜಿಲೆಂಡಿನದು ಇನ್ನೂ ದುಬಾರಿ ಪ್ರೇಮಕಥೆ. ಪ್ರಧಾನಿ ಜಾನ್ ಕೀ ದೇಶದ ಬಾವುಟವನ್ನೇ ಬದಲಿಸಹೊರಟರು. 10,292 ಚಿತ್ರಗಳು ಬಂದವು. ಕಣ್ಣಿನಿಂದ ಲೇಸರ್ ಉಗುಳುವ ಕಿವಿ ಹಕ್ಕಿಯೂ ಒಂದು. ದೇಶ ಅದನ್ನು ಎತ್ತಿ ಮುದ್ದಾಡಿತು, ಅಂತಿಮ ಪಟ್ಟಿಗೆ ಮಾತ್ರ ಸೇರಿಸಲಿಲ್ಲ. ಎರಡು ಜನಮತಗಣನೆ, ಸುಮಾರು 2.6 ಕೋಟಿ ನ್ಯೂಜಿಲೆಂಡ್ ಡಾಲರ್ ಖರ್ಚು. 2016ರ ಮಾರ್ಚಿನಲ್ಲಿ ಶೇ. 56.6 ಜನ ಹೇಳಿದ್ದು, ಹಳೆಯದೇ ಇರಲಿ. ಇದನ್ನು ವ್ಯರ್ಥ ಎನ್ನುವವರಿಗೆ ಲೆಕ್ಕ ಬರುವುದಿಲ್ಲ. ಕಂಬದ ಮೇಲೆ ಯಾರೂ ತಲೆ ಎತ್ತಿ ನೋಡದೆ ಬಣ್ಣ ಕಳೆದುಕೊಳ್ಳುತ್ತಿದ್ದ ಬಾವುಟಕ್ಕೆ ಅಭಿಮಾನಿ ಸಂಘ ಕಟ್ಟಿಕೊಡಲು ಇದಕ್ಕಿಂತ ಖಚಿತ ಮಾರ್ಗ ಯಾವುದಿದೆ? ಆಡಳಿತಗಾರರು ಕಂಡುಕೊಳ್ಳಬೇಕಾದ ಗುಟ್ಟು ಇದು. ಜನರಿಗೆ ಯಾವುದರ ಮೇಲಾದರೂ ಪ್ರೀತಿ ಹುಟ್ಟಿಸಬೇಕೆ? ತೆಗೆದುಬಿಡುತ್ತೇವೆಂದು ಒಂದು ಪ್ರಕಟಣೆ ಹೊರಡಿಸಿ.

ನಮ್ಮ ನಾಡೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ, ದಾರಿ ಮಾತ್ರ ತಿರುಗುಮುರುಗು. 1960ರ ದಶಕದಲ್ಲಿ ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ಕೊಟ್ಟ ಅರಿಶಿನ ಕುಂಕುಮದ ಬಾವುಟ ಟೆಡ್ ಕೇಯವರ ಸೂತ್ರಗಳನ್ನು, ಅವರು ಬರೆಯುವ ಮೊದಲೇ, ಒಂದೂ ಬಿಡದೆ ಪಾಸು ಮಾಡಿತ್ತು. ಎರಡು ಬಣ್ಣ. ಅಕ್ಷರವಿಲ್ಲ, ಮೊಹರಿಲ್ಲ. ಒಂದನೇ ಕ್ಲಾಸಿನ ಮಗು ಎರಡು ಬಳಪದಲ್ಲಿ ಮುಗಿಸುತ್ತದೆ. ಆಟೋದವರು ಯಾವ ಆದೇಶಕ್ಕೂ ಕಾಯದೆ ಕಟ್ಟಿಕೊಂಡು ತಿರುಗಿದರು. ಇಷ್ಟು ಚೆನ್ನಾಗಿದ್ದರೆ ಸರ್ಕಾರಕ್ಕೆ ಕೆಲಸವೇನು ಉಳಿಯಿತು? 2017ರಲ್ಲಿ ಒಂಬತ್ತು ಜನರ ಸಮಿತಿ ಕೂತಿತು. 2018ರ ಮಾರ್ಚ್ 8ರಂದು, ವಿಧಾನಸಭಾ ಚುನಾವಣೆಗೆ ಎರಡು ತಿಂಗಳಿರುವಾಗ, ಹೊಸ ನಾಡಧ್ವಜ ಹೊರಬಿತ್ತು. ನಡುವೆ ಬಿಳಿ ಪಟ್ಟಿ, ಅದರ ಮೇಲೆ ರಾಜ್ಯದ ಲಾಂಛನ. ಎರಡು ತಲೆಯ ಗಂಡಭೇರುಂಡ, ಆನೆಸೊಂಡಿಲಿನ ಸಿಂಹಗಳು, ನೆತ್ತಿಯ ಮೇಲೆ ಅಶೋಕಸ್ತಂಭ. ಲೋಕದ ಊರುಗಳೆಲ್ಲ ಮೊಹರು ಕಿತ್ತು ಬಣ್ಣ ಉಳಿಸಿಕೊಳ್ಳಲು ಹೆಣಗುತ್ತಿರುವಾಗ ನಾವು ಬಣ್ಣವಿದ್ದಲ್ಲಿಗೆ ಮೊಹರು ತಂದು ಒತ್ತಿದೆವು. ಕಡತ ಕೇಂದ್ರದ ಒಪ್ಪಿಗೆಗೆ ಹೋಯಿತು. ಹಕ್ಕಿಗೆ ಎರಡು ತಲೆ ಇದ್ದದ್ದು ಅನುಕೂಲವೇ ಆಯಿತು. ಒಂದು ಬೆಂಗಳೂರಿನ ಕಡೆ ನೋಡುತ್ತಿದ್ದರೆ ಇನ್ನೊಂದು ದೆಹಲಿಯ ಉತ್ತರಕ್ಕೆ ಕಾಯಬಹುದು. ಅಷ್ಟರಲ್ಲಿ ನವೆಂಬರ್ ಒಂದು ಬಂತು, ಜನ ಎಂದಿನಂತೆ ಹಳದಿ ಕೆಂಪು ಬಟ್ಟೆ ತಂದು ಕಟ್ಟಿದರು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿದೆ. ನಾಳೆ ಯಾರಾದರೂ ಪುಣ್ಯಾತ್ಮರು ಐದಕ್ಕೂ ಒಂದೊಂದು ಬಾವುಟ ಇರಲಿ, ಸಾರ್ವಜನಿಕರ ಅಭಿಪ್ರಾಯ ಕೇಳೋಣ ಎಂದರೆ ಸಭೆ ಹೇಗೆ ನಡೆಯಬಹುದೆಂದು ಊಹಿಸುವುದು ಕಷ್ಟವಲ್ಲ. ಕೆಂಪೇಗೌಡರ ಗಡಿಗೋಪುರ ನಾಲ್ಕು, ಪಾಲಿಕೆ ಐದು. ಗೋಪುರ ಸಿಗದವರು ಮೊದಲ ಹತ್ತು ನಿಮಿಷದಲ್ಲೇ ಧರಣಿ ಕೂರುತ್ತಾರೆ. ಕೆರೆ ಇರಲಿ ಎಂದು ಒಬ್ಬರು. ನೀರಿರುವುದೋ ನೊರೆ ಇರುವುದೋ ಎಂದು ಹಿಂದಿನ ಸಾಲಿನಿಂದ ಇನ್ನೊಬ್ಬರು. ಬೆಂದಕಾಳು ಹಾಕಿ ಎಂದರೆ ಅವರೆಯೋ ಹುರುಳಿಯೋ ಎಂದು ಉಪಸಮಿತಿ. “ಸಾರ್, ನಮ್ಮ ವಾರ್ಡಿನ ಮೇಲ್ಸೇತುವೆ ಒಂದು ಮೂಲೇಲಿ ಬರಲಿ.” “ಅದಿನ್ನೂ ಮುಗಿದಿಲ್ವಲ್ಲ ಸ್ವಾಮಿ.” “ಬಾವುಟ ಮುಗಿಯೋ ಹೊತ್ತಿಗೆ ಮುಗಿಯುತ್ತೆ ಬಿಡಿ.” ಇದೆಲ್ಲವನ್ನೂ ಗುಮಾಸ್ತರು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಕ್ಷೇಪಣೆ ಸಲ್ಲಿಸಲು ಮೂವತ್ತು ದಿನ, ಆಮೇಲೆ ಇನ್ನೂ ಹದಿನೈದು ದಿನ ವಿಸ್ತರಣೆ. ಬಾವುಟ ಇನ್ನೂ ತೀರ್ಮಾನವಾಗಿರುವುದಿಲ್ಲ. ಕಂಬಗಳು ಮಾತ್ರ ಐದೂ ಕಡೆ ಎದ್ದು, ಕಾಂಕ್ರೀಟಿಗೆ ಕ್ಯೂರಿಂಗ್ ಆಗಿ, ಮೊದಲ ಕಂತಿನ ಬಿಲ್ಲು ಪಾಸಾಗಿರುತ್ತದೆ.