ಸ್ಯಾನ್ ಹೋಸೆಯ ಹಲಗೇರಿ ಪಂಡಿತ

ಹಲಗೇರಿಯಲ್ಲಿದ್ದಷ್ಟು ದಿನ ಅವನಿಗೆ ಹಲಗೇರಿಯ ಒಂದು ಸಂಗತಿಯೂ ಗೊತ್ತಿರಲಿಲ್ಲ. ಇದು ಬೈಗುಳವಲ್ಲ, ಅಂಥವರ ಮೊದಲ ಲಕ್ಷಣ. ಕಾಲೇಜಿಗೆ ರಾಣೆಬೆನ್ನೂರು, ದೊಡ್ಡ ಓದಿಗೆ ಹುಬ್ಬಳ್ಳಿ, ನೌಕರಿಗೆ ಬೆಂಗಳೂರು ಎಂದು ಸರಿಯುತ್ತ ಸರಿಯುತ್ತ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಮುಟ್ಟಿದ ಮೇಲೆ ಅವನಿಗೆ ಊರು ಕಾಣತೊಡಗಿತು. ಚಾಳೀಸು ಬಂದವರು ಪೇಪರನ್ನು ಕೈಚಾಚಿ ದೂರ ಹಿಡಿದರೇ ಅಕ್ಷರ ಕಾಣುತ್ತದಲ್ಲ, ಹಾಗೆ. ಹಾವೇರಿ ಜಿಲ್ಲೆಯಲ್ಲಿ ಈಗ ಊರಿಗೊಬ್ಬ ಇಂಥವನಿದ್ದಾನೆ. ನಮ್ಮ ಓಣಿಯವನನ್ನು ನಾವು ಪಂಡಿತ ಎನ್ನುತ್ತೇವೆ, ಅವನು ಎದುರಿಗಿಲ್ಲದಾಗ.

ಪಾಂಡಿತ್ಯ ಶುರುವಾದದ್ದು ಮೆಣಸಿನಕಾಯಿಯಿಂದ. ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್ಟಿಗೆ ಅಪ್ಪ ಚೀಲ ಹೇರಿಕೊಂಡು ಹೊರಟರೆ, "ಸೀನು ಬರ್ತಾವ" ಎಂದು ಈ ಹುಡುಗ ಒಮ್ಮೆಯೂ ಗಾಡಿ ಹತ್ತಿದವನಲ್ಲ. ಈಗ ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಬ್ಯಾಡಗಿ ಎಂದು ಬರೆದ ಪೊಟ್ಟಣ ಕಂಡರೆ ದೀಪಕ್ಕೆ ಹಿಡಿದು ಸುಕ್ಕು ಪರೀಕ್ಷಿಸುತ್ತಾನೆ. ಸುಕ್ಕು ಕಡಿಮೆಯಾದರೆ ಅಂಗಡಿಯವನಿಗೆ ಪಾಠ: ಕಡ್ಡಿ ಬೇರೆ, ಡಬ್ಬಿ ಬೇರೆ, ಖಾರ ಕಡಿಮೆ, ಬಣ್ಣ ಹೆಚ್ಚು, 2011ರಲ್ಲೇ ಜಿಐ ಮಾನ್ಯತೆ ಸಿಕ್ಕಿದೆ. ಆ ಬಣ್ಣವನ್ನು ಹಿಂಡಿ ತೆಗೆದು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆಂದು ತಿಳಿದ ದಿನ ಆಫೀಸಿನ ಹೆಣ್ಣುಮಗಳೊಬ್ಬಳಿಗೆ, "ನಿಮ್ಮ ತುಟಿಯ ಮೇಲೆ ನಮ್ಮ ಹೊಲ ಇದ್ದೀತು" ಎಂದನಂತೆ. ಆಮೇಲೆ ಏನಾಯಿತೆಂದು ಅವನು ಹೇಳಿಲ್ಲ. ಅಪ್ಪ ಮಾತ್ರ ಫೋನಿನಲ್ಲಿ ಎಲ್ಲ ಕೇಳಿ, "ಹೌದಪಾ, ಬಣ್ಣ ಅವರ ತುಟಿಗೆ, ಸೀನು ನಮ್ಮ ಮೂಗಿಗೆ" ಎಂದು ಇಟ್ಟುಬಿಟ್ಟರು.

ಕೌದಿಯ ಪ್ರಕರಣ ಇನ್ನೂ ದೊಡ್ಡದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿಗಳು ಅಮೆರಿಕದ ಮ್ಯೂಸಿಯಂ ಗೋಡೆ ಏರಿವೆ. ಮುಂಡಗೋಡ ನಮಗೇನು ದೂರ, ಹಾನಗಲ್ ದಾಟಿದರೆ ಬಂತು. ಆದರೆ ಇವನು ಅವನ್ನು ನೋಡಿದ್ದು ಅಲ್ಲಿ, ಟಿಕೆಟ್ ತೆಗೆಸಿ. 'ಮುಟ್ಟಬೇಡಿ' ಎಂಬ ಫಲಕದ ಮುಂದೆ ಕೈಕಟ್ಟಿ ನಿಂತನಂತೆ. ಶಾಲೆಗೆ ಹೋಗುವಷ್ಟು ದೊಡ್ಡವನಾದ ಮೇಲೂ ಅಂಥದೇ ಕೌದಿಯನ್ನು ರಾತ್ರಿ ತೋಯಿಸಿ ಬೆಳಿಗ್ಗೆ ಪೆಟ್ಟು ತಿನ್ನುತ್ತಿದ್ದವನು! ಅಲ್ಲಿಂದಲೇ ಅವ್ವನಿಗೆ ಫೋನು. ಇಲ್ಲಿ ನಡುರಾತ್ರಿ.

"ಯವ್ವಾ, ನಮ್ಮ ಕೌದಿ ಎಲ್ಲಿ ಅದಾವ?"

"ಯಾಕಪಾ, ಅಲ್ಲಿ ಬಾಳ ಥಂಡಿ ಐತೇನು?"

"ಅಲ್ಲ ಬೇ, ಅದು ಕಲಾ!"

"ಕಲಾನೋ ಏನೋ, ಎಮ್ಮಿಕರಕ್ಕ ಹೊಚ್ಚೇನಿ. ಪಾಪ, ಬೆಚ್ಚಗ ಮಲಗೇತಿ. ನೀನೂ ಮಲಗು."

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮೊಬೈಲಿನಲ್ಲಿ ನೋಡುತ್ತ ಕುಳಿತಿದ್ದನಂತೆ. ಭಾಷಣ ಕೇಳಲಿಕ್ಕಲ್ಲ, ಯಾರ್‍ಯಾರ ಕೊರಳಲ್ಲಿ ಏಲಕ್ಕಿ ಹಾರ ಇದೆಯೆಂದು ಹುಡುಕಲಿಕ್ಕೆ. ಮುಂದಿನ ಸಲ ಬಂದವನೇ ಹಾವೇರಿಯಿಂದ ಒಂದು ತಂದ. ಮರುದಿನ ಬೆಳಿಗ್ಗೆ ಅದರ ನಾಲ್ಕು ಕಾಯಿ ಕಿತ್ತು ಚಹಕ್ಕೆ ಹಾಕಹೊರಟಾಗ ಅವ್ವ ಕೈ ಹಿಡಿದಳು. "ಬೆಳ್ಳಗ ಕಾಣ್ಲಿ ಅಂತ ಅದಕ್ಕ ಏನೇನೋ ಹಾಕಿ ತೊಳದಿರ್ತಾರೋ. ಅದು ಮಂತ್ರಿಗಳ ಕೊಳ್ಳಿಗೆ, ನಿನ್ನ ಹೊಟ್ಟಿಗಲ್ಲ."

ಮನೆಯವರ ಕಷ್ಟವೇ ಬೇರೆ. ಅಮೆರಿಕದಿಂದ ಮಗ ಬರುತ್ತಾನೆಂದು ತಮ್ಮನ ಹೆಂಡತಿ ಪಾಸ್ತಾ ಕಲಿತಿದ್ದಳು. ಇವನಿಗೆ ಕಟಿರೊಟ್ಟಿ, ಗುರೆಳ್ಳು ಚಟ್ನಿ, ಪುಂಡಿಪಲ್ಯವೇ ಬೇಕು. ಪಾಸ್ತಾ ಮಕ್ಕಳು ಮುಗಿಸಿದರು. ರೊಟ್ಟಿ ಮುರಿದು, ಕಣ್ಣುಮುಚ್ಚಿ, "ಬೀಸುಕಲ್ಲಿನ ಹಿಟ್ಟಿನ ರುಚಿನೇ ಬೇರೆ" ಎಂದ. ರೊಟ್ಟಿ ರಾಣೆಬೆನ್ನೂರಿನ ಅಂಗಡಿಯದು. ಬಡಿದು ಬಡಿದು ಅವ್ವನ ರಟ್ಟೆ ಸೋತು ಕಾಲವಾಯಿತು. ಯಾರೂ ತುಟಿ ಬಿಚ್ಚಲಿಲ್ಲ.

ನಕ್ಕೂ ನಕ್ಕೂ ಒಂದು ಮಾತು ಒಪ್ಪಬೇಕು. ಮೇಡ್ಲೇರಿಗೆ ಹೋಗಿ ಕರಿ ಕಂಬಳಿ ಕೊಂಡವನು ಅವನೇ. ನೂಲಿಗೆ ಹುಣಸೆ ಬೀಜದ ಸರಿ ಯಾಕೆ ಹಚ್ಚುತ್ತಾರೆಂದು ಮಗ್ಗದ ಮುಂದೆ ಕುಳಿತು ಕೇಳಿಕೊಂಡ, ಹೇಳಿದಷ್ಟು ರೊಕ್ಕ ಎಣಿಸಿದ, ಚೌಕಾಸಿ ಮಾಡಲಿಲ್ಲ. ಊರಲ್ಲೇ ಉಳಿದು ಅವನನ್ನು ಆಡಿಕೊಳ್ಳುವ ನಾವೆಲ್ಲ ಹೊದೆಯುವುದು ಪಾಣಿಪತ್ತಿನ ಹುಲಿ ಚಿತ್ರದ ರಗ್ಗು.

ಹೊರಡುವಾಗ ಹೊಸ ಕೌದಿ ಬೇಕೆಂದು ಹಟ ಹಿಡಿದ. ಹಳೇ ಸೀರೆಗಳನ್ನೆಲ್ಲ ಸ್ಟೀಲ್ ಪಾತ್ರೆಯವನಿಗೆ ಕೊಟ್ಟಾಗಿತ್ತು.

"ನಿನ್ನ ಹೇಣ್ತಿವು ಹಳೇ ಸೀರಿ ಕಳಸು, ಹೊಲದು ಕೊಡ್ತೇನಿ" ಎಂದಳು ಅವ್ವ.

ಎರಡು ತಿಂಗಳಿಗೆ ಪಾರ್ಸೆಲ್ ಬಂತು. ಬಿಚ್ಚಿದರೆ ಬರೀ ಜೀನ್ಸ್ ಪ್ಯಾಂಟು. ಅವ್ವ ಒಂದನ್ನು ಎತ್ತಿ, ತೊಡೆಯ ಹತ್ತಿರದ ಫ್ಯಾಶನ್ ತೂತಿನೊಳಗೆ ಕೈ ತೂರಿಸಿ ನೋಡಿದಳು. ಆಮೇಲೆ ಫೋನು ತರಿಸಿದಳು.

"ತಮ್ಮಾ, ಇದಕ್ಕ ಸೂಜಿ ಇಳಿಯೂದಿಲ್ಲೋ, ದಬ್ಬಣನ ಬೇಕು. ಅದಿರ್ಲಿ, ಅಲ್ಲಿ ನಿಮಗ ಊಟಕ್ಕರ ಬರೋಬರಿ ಐತಿಲ್ಲೋ? ಆ ಹುಡುಗಿ ಎಲ್ಲಾ ಹರಕಾನ ಉಟಗೊಂಡಾಳಲ್ಲೋ!"