ಕಥೆಯ ಬಾಲ: ಬಾಲಗಾಂವದ ಕಾಗವ್ವ-ಗುಬ್ಬವ್ವ ಪ್ರಕರಣದಲ್ಲಿ ನೀತಿಯ ಸ್ಥಾನನಿರ್ಣಯ

ಪೀಠಿಕೆ

ಮಕ್ಕಳಿಗೆ ಕಥೆ ಹೇಳುವುದು ಸುಲಭ. ನೀತಿ ಹೇಳುವುದು ಅದಕ್ಕಿಂತ ಸುಲಭ. ಎರಡನ್ನೂ ಹೇಳಿ ಮುಗಿಸುವತನಕ ಮಗುವನ್ನು ಎಚ್ಚರವಾಗಿ ಇಡುವುದೇ ಕಷ್ಟ. ವಿಷ್ಣುಶರ್ಮನು ಮೂವರು ದಡ್ಡ ರಾಜಕುಮಾರರನ್ನು ಆರು ತಿಂಗಳಲ್ಲಿ ನೀತಿವಂತರನ್ನಾಗಿ ಮಾಡುವೆನೆಂದು ಪಣ ತೊಟ್ಟದ್ದು ಎಲ್ಲರಿಗೂ ಗೊತ್ತು. ಆ ಮೂವರು ಆಮೇಲೆ ಹೇಗೆ ರಾಜ್ಯವಾಳಿದರೆಂದು ಯಾರೂ ವಿಚಾರಿಸಲು ಹೋಗುವುದಿಲ್ಲ. ವಸುಭಾಗಭಟ್ಟನ ಪಂಚತಂತ್ರವನ್ನು 1031ರ ಸುಮಾರಿಗೆ ಕನ್ನಡಕ್ಕೆ ತಂದ ದುರ್ಗಸಿಂಹ, ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಎಂದರೆ ನೆರೆರಾಜ್ಯಗಳೊಡನೆ ಜಗಳವನ್ನೂ ರಾಜಿಯನ್ನೂ ನೋಡಿಕೊಳ್ಳುವ ಮಂತ್ರಿ. ಗಡಿಯ ತಂಟೆ ನೋಡುವವನಿಗೇ ನರಿ-ಕಾಗೆಗಳ ಕಥೆಯ ರುಚಿ ಹತ್ತಿತೆಂಬುದನ್ನು ಓದುಗರು ಸೆರಗಿಗೆ ಗಂಟು ಹಾಕಿಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ನಾಮನಿಷ್ಪತ್ತಿ

ಇಷ್ಟೆಲ್ಲ ಊರುಗಳಿರುವಾಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ ಜತ್ತ ತಾಲ್ಲೂಕಿನ ಬಾಲಗಾಂವವೇ ಏಕೆ? ಉತ್ತರ ಹೆಸರಿನಲ್ಲೇ ಇದೆ. ಮರಾಠಿ ಕಡೆಯಿಂದ ನೋಡಿದರೆ ಇದು ಬಾಲರ ಗಾಂವ, ಮಕ್ಕಳ ಊರು. ಕನ್ನಡದ ಕಡೆಯಿಂದ ನೋಡಿದರೆ ಬಾಲವೆಂದರೆ ಬಾಲವೇ. ಊರವರನ್ನೇ ಕೇಳಬಹುದಿತ್ತು, ಅವರು ಮೂರನೆಯ ಅರ್ಥ ಹೇಳಿ ಸಂಶೋಧನೆಯನ್ನು ಕೆಡಿಸಿಯಾರೆಂಬ ಭಯದಿಂದ ಕೇಳಲಿಲ್ಲ. ಎರಡೂ ಅರ್ಥಗಳನ್ನು ಗಂಟುಹಾಕಿದರೆ ನಮ್ಮ ಸಿದ್ಧಾಂತ ಸಿದ್ಧ: ಮಕ್ಕಳ ಕಥೆಗೆ ದೊಡ್ಡವರು ಹಿಂದಿನಿಂದ ಅಂಟಿಸಿದ ಬಾಲಕ್ಕೆ ನೀತಿ ಎಂದು ಹೆಸರು. ‘ಈ ಕಥೆಯಿಂದ ನೀವು ಕಲಿತ ನೀತಿ ಯಾವುದು? ಒಂದು ವಾಕ್ಯದಲ್ಲಿ ಬರೆಯಿರಿ’ ಎಂಬ ಪ್ರಶ್ನೆ ಬಂದ ಕೂಡಲೇ ಆ ಬಾಲ ಅಲ್ಲಾಡತೊಡಗುತ್ತದೆ.

ಪಾಠಾಂತರ ವಿಮರ್ಶೆ

ಈ ಭಾಗದ ಕನ್ನಡ ಶಾಲೆಯ ಮಕ್ಕಳು ಓದುವ ಕನ್ನಡ ಪುಸ್ತಕ ಅಚ್ಚಾಗುವುದು ಪುಣೆಯ ಬಾಲಭಾರತಿಯಿಂದ. 1967ರಲ್ಲಿ ಹುಟ್ಟಿದ ಆ ಸಂಸ್ಥೆ ಎಂಟು ಭಾಷೆಗಳಲ್ಲಿ ಪಠ್ಯ ತರುತ್ತದೆ. (ಗಡಿ ಕುರಿತ ಮಹಾಜನ ವರದಿಯೂ ಅದೇ ವರ್ಷ ಬಂತು. ಪುಸ್ತಕ ವರ್ಷವರ್ಷವೂ ಓದಿಸಿಕೊಳ್ಳುತ್ತದೆ, ವರದಿ ವರ್ಷವರ್ಷವೂ ಉಲ್ಲೇಖಿಸಿಕೊಳ್ಳುತ್ತದೆ.) ಹೀಗಾಗಿ ಇಲ್ಲಿನ ಮಗುವಿಗೆ ಒಂದೇ ಕಥೆ ಎರಡು ಕಿವಿಗಳಿಂದ ಒಳಗೆ ಹೋಗುತ್ತದೆ.

ಕನ್ನಡದ ಕಿವಿಯಲ್ಲಿ ಕಾಗವ್ವನದು ಸಗಣಿಯ ಮನೆ, ಗುಬ್ಬವ್ವನದು ಕಲ್ಲಿನ ಮನೆ. ಮರಾಠಿಯ ಕಿವಿಯಲ್ಲಿ ಕಾಗೆಯದು ಶೇಣದ ಮನೆ, ಗುಬ್ಬಿಯದು ಮೇಣದ ಮನೆ. ಶೇಣವೆಂದರೆ ಸಗಣಿ, ಮೇಣವೆಂದರೆ ನಮ್ಮ ಮೇಣವೇ. ಗುಬ್ಬಿಗೆ ಮೇಣ ಸಿಕ್ಕಿದ್ದು ಅದರ ಪುಣ್ಯದಿಂದಲ್ಲ, ಪ್ರಾಸದಿಂದ. ಶೇಣಕ್ಕೆ ಮೇಣ ಕೂಡುತ್ತದೆ, ಸಗಣಿಗೆ ಕೂಡುವುದಿಲ್ಲ. ಪ್ರಾಸ ತಪ್ಪಿದ ಕನ್ನಡಿಗರು ಕಲ್ಲನ್ನು ಹೊತ್ತು ತಂದರು. ಹುಲ್ಲು, ಕಡ್ಡಿ, ಇಟ್ಟಿಗೆಯ ಮನೆ ಕಟ್ಟಿದ ಮೂರು ಹಂದಿಮರಿಗಳಿಗೆ ಜಗತ್ತಿನ ಕಥಾಸೂಚಿಯಲ್ಲಿ 124 ಎಂಬ ಸಂಖ್ಯೆ ಕೊಟ್ಟ ವಿದ್ವಾಂಸರು ಈ ಪ್ರಾಸಜನ್ಯ ವಾಸ್ತುಶಿಲ್ಪವನ್ನು ಇನ್ನೂ ಗಮನಿಸಬೇಕಾಗಿದೆ.

ಹವಾಮಾನ ಮತ್ತು ನೀತಿ

ಪೂರ್ವಪಕ್ಷ: ಭಾರೀ ಮಳೆ ಬಂತು, ಸಗಣಿಯ ಮನೆ ಕೊಚ್ಚಿಹೋಯಿತು, ಕಾಗವ್ವ ಗುಬ್ಬವ್ವನ ಬಾಗಿಲಿಗೆ ಬಂದಳು. ಆದ್ದರಿಂದ ಮಕ್ಕಳೇ, ಮನೆಯನ್ನು ಭದ್ರವಾಗಿ ಕಟ್ಟಿರಿ.

ಆಕ್ಷೇಪ: ಜತ್ತ ಬರದ ಸೀಮೆ. ಮನೆ ಕೊಚ್ಚಿಕೊಂಡು ಹೋಗುವಂಥ ಮಳೆಯನ್ನು ಇಲ್ಲಿ ಕಥೆಯಲ್ಲಿ ಕೇಳಿದಷ್ಟು ಸಲ ಕಣ್ಣಲ್ಲಿ ಕಂಡವರಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಕೊಡಗಳ ಸಾಲು ನಿಲ್ಲುವ ನೆಲದಲ್ಲಿ ಮೊದಲು ಕರಗುವುದು ಮೇಣದ ಮನೆ. ಮೇ ತಿಂಗಳಲ್ಲಿ ಗುಬ್ಬವ್ವನೇ ಕಾಗವ್ವನ ಬಾಗಿಲಿಗೆ ಬರಬೇಕಾಗುತ್ತದೆ. ಇನ್ನು ಕಲ್ಲಿನ ಮನೆಯೇ ಸರಿ ಎನ್ನುವವರಿಗೆ ಒಂದೇ ಪ್ರಶ್ನೆ: ಆ ಮನೆಯ ಒಲೆ ಉರಿದದ್ದು ಯಾರ ಕುಳ್ಳಿನಿಂದ? ನೆಲ ಸಾರಿಸಿದ್ದು ಯಾರ ಹೆಂಡಿಯಿಂದ?

ಹೀಗೆ ತಾಲ್ಲೂಕು ಬದಲಾದರೆ ನೀತಿ ಬೋರಲು ಬೀಳುತ್ತದೆ. ಒಂದೊಂದು ಪಾಠದಲ್ಲಿ ಒಳಗೆ ಬಂದ ಕಾಗವ್ವ ಕಡಲೆಯ ಚೀಲದ ಮೇಲೆ ಮಲಗಿ, ರಾತ್ರಿಯಿಡೀ ಕಟುಂ ಕಟುಂ ಎಂದು ಕಡಲೆ ತಿಂದು, ‘ಏನವ್ವ ಸಪ್ಪಳ?’ ಎಂದರೆ ‘ಅಡಕಿ ಕಡಿಯಾಕತ್ತೀನಿ’ ಅನ್ನುತ್ತಾಳೆ. ಇದರ ನೀತಿ ‘ಬಾಗಿಲು ತೆಗೆಯಬೇಡಿರಿ’ ಎಂದೋ, ‘ಕಡಲೆಯನ್ನು ಡಬ್ಬಿಯಲ್ಲಿಡಿರಿ’ ಎಂದೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ರಾಜಕೀಯ ಟೀಕೆ

ಈಗ ಸೆರಗಿನ ಗಂಟು ಬಿಚ್ಚಬಹುದು. ಕಥೆಯ ನಡುಭಾಗವೆಲ್ಲ ಬಾಗಿಲಲ್ಲೇ ನಡೆಯುತ್ತದೆ. ಕಾಗವ್ವ ಕದ ಬಡಿಯುತ್ತಾಳೆ. ‘ತಡಿಯವ್ವ, ಕೂಸಿಗೆ ನೀರ ಹಾಕಾಕತ್ತೀನಿ.’ ಮತ್ತೆ ಬಡಿಯುತ್ತಾಳೆ. ‘ತಡಿಯವ್ವ, ಕೂಸಿಗೆ ಅಂಗಿ ತೊಡಸಾಕತ್ತೀನಿ.’ ಮತ್ತೆ. ‘ತಡಿಯವ್ವ, ಕಾಡಿಗಿ ಹಚ್ಚಾಕತ್ತೀನಿ.’ 2022ರ ಕೊನೆಯಲ್ಲಿ ಗಡಿಯ ಮಾತು ಮತ್ತೆ ಎದ್ದು, ಜತ್ತದ ಕನ್ನಡ ಹಳ್ಳಿಗಳ ಹೆಸರು ಎರಡೂ ರಾಜಧಾನಿಗಳ ಬಾಯಲ್ಲಿ ಓಡಾಡಿತು. ಹಳ್ಳಿಗಳ ಬಾಯಲ್ಲಿ ಇದ್ದದ್ದು ನೀರು. ಆ ಕಡೆ ಮಹಾರಾಷ್ಟ್ರದ ಮ್ಹೈಸಾಳ ನೀರಾವರಿ ಯೋಜನೆ, ಈ ಕಡೆ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆ. ಒಂದು ಮನೆಯಲ್ಲಿ ಕೂಸಿಗೆ ಅಂಗಿ, ಇನ್ನೊಂದರಲ್ಲಿ ಕಾಡಿಗೆ. ಕಥೆಗೂ ಇತಿಹಾಸಕ್ಕೂ ವ್ಯತ್ಯಾಸ ಇಷ್ಟೇ: ಕಾಗವ್ವ ನೀರಿನಿಂದ ತಪ್ಪಿಸಿಕೊಳ್ಳಲು ಒಂದು ಬಾಗಿಲು ಬಡಿದಳು, ಇಲ್ಲಿನವರು ನೀರಿಗಾಗಿ ಎರಡು ಬಾಗಿಲು ಬಡಿದರು.

ಕ್ಷೇತ್ರಕಾರ್ಯ

ಸಿದ್ಧಾಂತವನ್ನು ಪರೀಕ್ಷಿಸಲು ಒಂದು ರಾತ್ರಿ ನೋಟ್‌ಬುಕ್ ಸಮೇತ ಒಬ್ಬ ಆಯಿಯ ಕೌದಿಯ ಅಂಚಿನಲ್ಲಿ ಕುಳಿತೆ. ಐದು ವರ್ಷದ ಮೊಮ್ಮಗಳು ಆಯಿಯ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಆಯಿಯ ಒಂದು ಕೈ ಹುಡುಗಿಯ ಬೆನ್ನು ತಟ್ಟುತ್ತಿತ್ತು. ಕಾಗವ್ವ ಕದ ಬಡಿದಾಗಲೆಲ್ಲ ಆ ತಟ್ಟುವ ಕೈಯೇ ಕದ ಬಡಿಯುವ ಕೈಯಾಗುತ್ತಿತ್ತು. ಗುಬ್ಬವ್ವ ‘ತಡಿಯವ್ವ’ ಅಂದಾಗ ಗಳಿಗೆ ಹೊತ್ತು ನಿಲ್ಲುತ್ತಿತ್ತು.

“ಆಯೀ, ಇದರ ನೀತಿ ಏನ್ರೀ?” ಎಂದೆ.

“ನೀ ಸುಮ್ನ ಕುಂಡ್ರಪಾ, ಕೂಸು ಮಲಗಾಕತ್ತೈತಿ.”

ಇಲ್ಲಿ ನಮಗೆ ಮಹತ್ವದ ಶೋಧವೊಂದು ದಕ್ಕಿತು. ಗುಬ್ಬವ್ವನ ಸಬೂಬುಗಳಿಗೆ ಲೆಕ್ಕವಿಲ್ಲ. ಮಗುವಿಗೆ ನಿದ್ದೆ ಬರುವತನಕ ಅವು ಬೆಳೆಯುತ್ತಲೇ ಹೋಗುತ್ತವೆ: ಕುಂಚಿಗೆ ಕಟ್ಟುವುದು, ಹಾಲು ಕುಡಿಸುವುದು, ತೊಟ್ಟಿಲು ತೂಗುವುದು. ಆದ್ದರಿಂದ ಬಹುಪಾಲು ಮಕ್ಕಳು ಬಾಗಿಲು ತೆರೆಯುವ ಮೊದಲೇ ಮಲಗಿರುತ್ತಾರೆ. ನೀತಿಯನ್ನು ಕೇಳಿಸಿಕೊಂಡವರು ನಿದ್ದೆ ಬಾರದ ಕೆಲವರು ಮಾತ್ರ. ಅವರೇ ಬೆಳೆದು ಪಠ್ಯಪುಸ್ತಕ ಸಮಿತಿಗಳನ್ನು ಸೇರಿದರೆಂದು ತರ್ಕಿಸಲು ಅಡ್ಡಿಯಿಲ್ಲ.

ಉಪಸಂಹಾರ

ಇಷ್ಟನ್ನು ಬರೆದುಕೊಂಡು ನೋಟ್‌ಬುಕ್ ಮುಚ್ಚುವಷ್ಟರಲ್ಲಿ ಆಯಿ ಏಳನೆಯ ಸಬೂಬಿನಲ್ಲಿದ್ದಳು. ಹುಡುಗಿಯ ಕಣ್ಣು ಮುಚ್ಚಿದ್ದವು. ಮಲಗಿದಳೆಂದುಕೊಂಡು ಆಯಿ ಬೆನ್ನಿನ ಮೇಲಿನ ಕೈ ತೆಗೆದಳು.

“ಆಯೀ,” ಹುಡುಗಿ ಕಣ್ಣು ತೆರೆಯದೆಯೇ ಅಂದಳು, “ಬಾಗಲಾ ತಗಿ ಅನ್ನ ಆಕಿಗೆ. ಕಾಗವ್ವ ತೊಯ್ಯಾಕತ್ತಾಳ.”

ನೋಟ್‌ಬುಕ್ಕನ್ನು ಮತ್ತೆ ತೆರೆದೆ. ಈ ಮಾತನ್ನು ಕಥೆಯಲ್ಲಿ ಸೇರಿಸುವುದೋ ಬಾಲದಲ್ಲಿ ಸೇರಿಸುವುದೋ ತಿಳಿಯದೆ ಬರಿದೇ ಕುಳಿತೆ. ಆಯಿಯ ಕೈ ಆಗಲೇ ಮತ್ತೆ ಕದ ಬಡಿಯತೊಡಗಿತ್ತು.