‘ಫೋಲ್ಡರ್ ನೋಡಿದ್ರಾ, ಭಾವ?’

ನನ್ನ ಭಾಮೈದ ಯಾವ ಪ್ರಶ್ನೆಗೂ ನೇರ ಉತ್ತರ ಕೊಟ್ಟವನಲ್ಲ. ‘ಗೇಮ್ ಓಪನ್ ಆಗ್ತಿಲ್ಲ ಕಣಪ್ಪಾ’ ಎಂದರೆ ‘ಫೋಲ್ಡರ್ ನೋಡಿದ್ರಾ, ಭಾವ?’ ಎನ್ನುತ್ತಾನೆ. ನೋಡಿದೆ ಎಂದರೆ ‘ಯಾವ ಫೋಲ್ಡರ್?’ ಅದನ್ನೂ ಹೇಳಿದರೆ ಒಂದು ನಿಟ್ಟುಸಿರು. ಅಕ್ಕನನ್ನು ಎಂಥವನಿಗೆ ಕೊಟ್ಟುಬಿಟ್ಟೆವು ಎಂಬ ಇಡೀ ಮನೆತನದ ವಿಷಾದ ಅದರಲ್ಲಿರುತ್ತದೆ.

ಈ ತಳಿಯವರು ಎಲ್ಲ ಬಡಾವಣೆಗಳಲ್ಲೂ ಇದ್ದಾರೆ. ಸೋನಿ ಕಂಪನಿ 2004ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಪಿಎಸ್‌ಪಿ ನಮಗೆ ನಿಮಗೆ ಆಟದ ಸಾಮಾನು, ಇವರಿಗೆ ರೋಗಿ. ಯುಎಂಡಿ ಎಂಬ ಪುಟ್ಟ ಡಿಸ್ಕ್ ಹಾಕಿ ಆಡಲಿ ಎಂದು ಕಂಪನಿ ಅದನ್ನು ಮಾಡಿತ್ತು. ಇವರು ಅದಕ್ಕೆ ಕಂಪನಿಯದಲ್ಲದ ತಂತ್ರಾಂಶ, ಅಂದರೆ ಕಸ್ಟಮ್ ಫರ್ಮ್‌ವೇರ್ ತುಂಬಿ, ಮೆಮೊರಿ ಕಾರ್ಡಿನಿಂದಲೇ ಆಟ ನಡೆಸುವವರು. 2007ರಲ್ಲಿ ಬ್ಯಾಟರಿಯನ್ನೇ ತಿದ್ದಿ, ‘ಪಂಡೋರಾ’ ಎಂದು ಹೆಸರಿಟ್ಟು, ಸತ್ತ ಪಿಎಸ್‌ಪಿಯನ್ನು ಬದುಕಿಸುವ ವಿದ್ಯೆ ಬಂತು. ಆ ಕಥೆ ಹೇಳುವಾಗ ಭಾಮೈದನ ಕಣ್ಣು ತೇವವಾಗುತ್ತದೆ. ಅವನ ಮದುವೆಯ ವಿಡಿಯೊದಲ್ಲಿ ಕೂಡ ಅಷ್ಟು ತೇವ ಕಾಣುವುದಿಲ್ಲ.

ಬ್ಯಾಗಿನಲ್ಲಿ ಸಣ್ಣ ಸ್ಕ್ರೂಡ್ರೈವರು, ಯಾವುದಕ್ಕೂ ಹೊಂದದ ಕೇಬಲ್ಲುಗಳು. ಊಟಕ್ಕೆ ಕರೆದರೆ ‘ಎರಡೇ ನಿಮಿಷ’. ಬ್ಯಾಟರಿ ಉಬ್ಬಿದೆಯೇ ಎಂದು ನೋಡಲು ಹಿಂದಿನ ಮುಚ್ಚಳ ಬಿಚ್ಚದೆ ಯಾವ ಪಿಎಸ್‌ಪಿಯನ್ನೂ ಕೈಗೆ ತೆಗೆದುಕೊಳ್ಳುವುದಿಲ್ಲ.

ಮೆಜೆಸ್ಟಿಕ್ ಕಡೆಯ ಒಂದು ಅಂಗಡಿಯಿಂದ ನನ್ನ ಮಗನಿಗೆ ಸೆಕೆಂಡ್‌ಹ್ಯಾಂಡ್ ಪಿಎಸ್‌ಪಿ-3000 ಬಂತು. ‘16 ಜಿಬಿ ಕಾರ್ಡ್ ಫ್ರೀ ಸಾರ್’ ಎಂದಿದ್ದ ಅಂಗಡಿಯವನು. ಮಾರನೆಯ ಬೆಳಿಗ್ಗೆ ನೋಡಿದರೆ ಪಟ್ಟಿಯಲ್ಲಿದ್ದ ಆಟಗಳೆಲ್ಲ ಮಾಯ. ಉಳಿದಿದ್ದ ಒಂದೇ ಚಿತ್ರವನ್ನು ಒತ್ತಿದರೆ 80020148 ಎಂಬ ಎರರ್. ಫೋನಿನಲ್ಲಿ ನಾನು ಎಂಟು ಎಂದು ಶುರುಮಾಡುವಷ್ಟರಲ್ಲಿ ಭಾಮೈದ ಉಳಿದ ಅಂಕಿಗಳನ್ನು ಸ್ವಂತ ಮೊಬೈಲ್ ನಂಬರಿಗಿಂತ ಸಲೀಸಾಗಿ ಹೇಳಿ ಮುಗಿಸಿದ. ‘ಪೂರ್ತಿ ಆಫ್ ಮಾಡಿದ್ರಾ? ಯಾರು ಹೇಳಿದ್ರು ನಿಮಗೆ?’ ರಾತ್ರಿ ಎಲ್ಲ ಸ್ವಿಚ್ಚು ಆರಿಸಿ ಮಲಗುವುದು ನಮ್ಮ ತಂದೆ ಕಲಿಸಿದ ಶಿಸ್ತು. ಆದರೆ 3000ದಲ್ಲಿ ಪೂರ್ತಿ ಆಫ್ ಮಾಡಿದರೆ ಆ ಕಸ್ಟಮ್ ಫರ್ಮ್‌ವೇರ್ ಇಳಿದುಹೋಗುತ್ತದಂತೆ. ‘ಫಾಸ್ಟ್ ರಿಕವರಿ’ ಒತ್ತಿ ಮತ್ತೆ ಎಬ್ಬಿಸಬೇಕಂತೆ.

ಭಾನುವಾರ ಬಂದ, ಎಬ್ಬಿಸಿದ. ಆಟಗಳು ಬಂದವು. ಅಲ್ಲಿಗೇ ಬಿಟ್ಟಿದ್ದರೆ ಅನ್ನ ಬಿಸಿಯಿರುತ್ತಿತ್ತು. ಮೊದಲ ಮೂರು ಆಟ ನಡೆದವು, ನಾಲ್ಕನೆಯದು ಕಪ್ಪು ಪರದೆ ತೋರಿಸಿ ನಿಂತಿತು. ಭಾಮೈದನ ಮುಖ ಅರಳಿತು. ಆಟದ ಫೈಲುಗಳಿರುವ ಐಎಸ್‌ಓ ಫೋಲ್ಡರ್ ಕಾರ್ಡು ತೆರೆದೊಡನೆ ಕಾಣುವ ಜಾಗದಲ್ಲೇ ಇದೆಯೇ, ಯಾರಾದರೂ ಅದನ್ನು ಗೇಮ್ ಫೋಲ್ಡರಿನೊಳಗೆ ತುರುಕಿದ್ದಾರೆಯೇ ಎಂದು ನನ್ನನ್ನೇ ನೋಡುತ್ತ ಪರೀಕ್ಷಿಸಿದ. ಕುಗ್ಗಿಸಿದ ಸಿಎಸ್‌ಓ ಫೈಲನ್ನು ಹಿಗ್ಗಿಸಿದ. ಪಿಎಸ್‌ಪಿಯಲ್ಲೇ ಕಾರ್ಡ್ ಫಾರ್ಮ್ಯಾಟ್ ಮಾಡಿ ಮತ್ತೆ ತುಂಬಿದ. ಅಡುಗೆಮನೆಯಿಂದ ಕರೆ ಬರುತ್ತಲೇ ಇತ್ತು. ಕೊನೆಗೆ ಕಾರ್ಡನ್ನು ಬೆಳಕಿಗೆ ಹಿಡಿದು, ‘ಭಾವ, ಇದಕ್ಕೆ ದುಡ್ಡು ಕೊಟ್ರಾ?’ ಎಂದ.

ಕಾರ್ಡನ್ನು ಪೂರ್ತಿ ತುಂಬಿ, ಬರೆದದ್ದನ್ನೇ ತಿರುಗಿ ಓದಿ ಪರೀಕ್ಷಿಸುವ ಒಂದು ಪ್ರೋಗ್ರಾಮ್ ಇದೆ. ಅದು ಮುಗಿಯುವವರೆಗೆ ಮನೆಯಲ್ಲಿ ಯಾರೂ ತಟ್ಟೆ ಮುಟ್ಟುವಂತಿರಲಿಲ್ಲ. ತೀರ್ಪು ಬಂತು: ಮೇಲೆ ಬರೆದದ್ದು 16, ಒಳಗಿದ್ದದ್ದು 4. ನಾಲ್ಕು ಜಿಬಿ ದಾಟಿದ ಮೇಲೆ ಹಾಕಿದ್ದೆಲ್ಲ ಹೆಸರಿಗೆ ಮಾತ್ರ ಕಾರ್ಡಿನಲ್ಲಿರುತ್ತದೆ. ‘ನನ್ನ ತಮ್ಮ ಇಲ್ಲದಿದ್ದರೆ ನಿಮ್ಮ ಗತಿ?’ ಎಂದಳು ಹೆಂಡತಿ, ತಣ್ಣಗಾದ ಸಾರು ಬಡಿಸುತ್ತ.

ಅವನು ತನ್ನ ಬ್ಯಾಗಿನಿಂದ ಒಂದು ಅಡಾಪ್ಟರು ತೆಗೆದು, ಅದಕ್ಕೆ ತನ್ನದೇ ಮೈಕ್ರೊಎಸ್‌ಡಿ ಕಾರ್ಡ್ ಸಿಕ್ಕಿಸಿ ಕೊಟ್ಟ, ದುಡ್ಡು ಮುಟ್ಟಲಿಲ್ಲ. ಗಾಡ್ ಆಫ್ ವಾರ್ ಶುರುವಾಯಿತು, ಮಗ ಕುಣಿದ. ಭಾಮೈದ ಮೊದಲ ಪರದೆ ನೋಡಿ ‘ಆಯ್ತು, ಬರ್ತಿದೆ’ ಎಂದು ಎದ್ದುಬಿಟ್ಟ. ಯಾವ ಆಟದಲ್ಲೂ ಅವನು ಮೊದಲ ಹಂತ ದಾಟಿದ್ದನ್ನು ನಾನು ಕಂಡಿಲ್ಲ.

ಹೆಂಡತಿ ಆಮೇಲೆ ಹೇಳಿದಳು: ಚಿಕ್ಕವನಿದ್ದಾಗ ಎದುರುಮನೆಯ ಟಿವಿ ಗೇಮಿನ ಕ್ಯಾಸೆಟ್ ಊದಿ ಸರಿಮಾಡಿಕೊಡುತ್ತಿದ್ದವನು ಇವನೇ. ಆಡುವ ಸರದಿ ಇವನಿಗೆ ಬರುವಷ್ಟರಲ್ಲಿ ಆ ಮನೆಯವರು ಟಿವಿ ಆರಿಸಿ ‘ಮನೆಗೆ ಹೋಗು ಪುಟ್ಟ, ಕತ್ತಲಾಯ್ತು’ ಎನ್ನುತ್ತಿದ್ದರಂತೆ. ಸರಿಮಾಡಿಕೊಟ್ಟು ಎದ್ದುಹೋಗುವುದೇ ಅಭ್ಯಾಸವಾಗಿಬಿಟ್ಟಿದೆ.

ಸೋನಿ 2014ರಲ್ಲಿ ಪಿಎಸ್‌ಪಿ ಸಾಗಣೆ ನಿಲ್ಲಿಸಿತು. ಅದರ ಆನ್‌ಲೈನ್ ಅಂಗಡಿಯೂ ಆಮೇಲೆ ಮುಚ್ಚಿತು. ಇನ್ನು ಆ ಯಂತ್ರಗಳಿಗೆ ಇಂಥ ಭಾಮೈದಂದಿರೇ ಗತಿ. ನಿಮ್ಮ ಮನೆಗೂ ಒಬ್ಬ ಬರುವವನಿದ್ದರೆ ಕಾರ್ಡು ಅಸಲಿಯೇ ಎಂದು ಮೊದಲೇ ನೋಡಿಕೊಳ್ಳಿ, ಕೆಲಸವಾದ ಮೇಲೆ ಅವನನ್ನು ಹಿಡಿದು ಕೂರಿಸಿ ಒಂದು ಆಟ ಆಡಿಸಿ. ನಿಮ್ಮ ಊಟ ಮಾತ್ರ ಅವನು ಬರುವುದರೊಳಗೆ ಮುಗಿದಿರಲಿ.